ಉಳ್ಳಾಗಡ್ಡಿ ಬೇರಿನಲ್ಲಿ ಕೋಶವಿಭಜನೆ ನೋಡುವುದು: ನೀರಿಗಿಡುವುದರಿಂದ ಹಂತ ಗುರುತಿಸುವವರೆಗೆ

ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್. ಪಿಯುಸಿ ಸೈನ್ಸ್ ಹುಡುಗರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಕೋಶವಿಭಜನೆಯ ಈ ನಾಲ್ಕು ಹಂತಗಳ ಹೆಸರು ಹೇಳುತ್ತಾರೆ. ಅವರ ಮುಂದೆ ಒಂದು ಸ್ಲೈಡ್ ಇಟ್ಟು ‘ಇದರಲ್ಲಿ ಅನಾಫೇಸ್ ತೋರಿಸು’ ಅಂದರೆ ಮಾತ್ರ ಮಾತು ನಿಲ್ಲುತ್ತದೆ. ಪುಸ್ತಕದಲ್ಲಿ ನಾಲ್ಕು ಚೌಕ, ನಾಲ್ಕು ಚಿತ್ರ, ಕೆಳಗೆ ಹೆಸರು. ಸ್ಲೈಡ್‌ನಲ್ಲಿ ಹೆಸರು ಬರೆದಿರುವುದಿಲ್ಲ, ಕೋಶಗಳು ಸಾಲಾಗಿ ನಿಂತಿರುವುದಿಲ್ಲ, ಅಡ್ಡ ಬಿದ್ದಿರುತ್ತವೆ, ಒಂದರ ಮೇಲೊಂದು ಕೂತಿರುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ಏನೂ ಮಾಡದೆ ಸುಮ್ನೆ ಇದ್ದಂತೆ ಕಾಣುತ್ತವೆ. ಹಾಗಾಗಿ ಚಿತ್ರ ಬಿಡಿಸಿ ಕಲಿಯುವುದಕ್ಕಿಂತ ಒಂದು ಸಲ ಸ್ವತಃ ಸ್ಲೈಡ್ ಮಾಡಿ ಕಲಿಯುವುದು ಮೇಲು. ನಮಗೆ ಬೇಕಾದ ಮುಖ್ಯ ಸಾಮಾನು ಅಡುಗೆಮನೆಯಲ್ಲೇ ಇದೆ.

ಗದಗ, ರೋಣ, ನರಗುಂದ, ನವಲಗುಂದದ ಎರಿ ಹೊಲಗಳಲ್ಲಿ ಬೆಳೆದು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಲಾರಿಗಟ್ಟಲೆ ಬರುವ ಅದೇ ಉಳ್ಳಾಗಡ್ಡಿ. ಬಹಳಷ್ಟು ಜೀವಶಾಸ್ತ್ರ ಲ್ಯಾಬ್‌ಗಳು ಇದನ್ನೇ ಆರಿಸಿಕೊಳ್ಳಲು ಕಾರಣ ಇದೆ. ಇದರ ಒಂದೊಂದು ಕೋಶದಲ್ಲಿ ಇರುವುದು 16 ಕ್ರೋಮೋಸೋಮ್ ಮಾತ್ರ. ಕನ್ನಡ ಮಾಧ್ಯಮದವರು ಇವನ್ನು ವರ್ಣತಂತು ಅಂತ ಓದಿರುತ್ತೀರಿ. ನಮ್ಮ ಕೋಶದಲ್ಲಿ 46 ಇವೆ. ಸಂಖ್ಯೆ ಕಮ್ಮಿ ಆದರೂ ಉಳ್ಳಾಗಡ್ಡಿಯ ಡಿಎನ್ಎ ನಮ್ಮದಕ್ಕಿಂತ ಸುಮಾರು ಐದು ಪಟ್ಟು ಜಾಸ್ತಿ. ಅಷ್ಟೊಂದು ಡಿಎನ್ಎ 16ರಲ್ಲೇ ಹಿಡಿಯಬೇಕು ಅಂದ ಮೇಲೆ ಒಂದೊಂದು ಕ್ರೋಮೋಸೋಮೂ ದಪ್ಪ, ಉದ್ದ. ಸಾಧಾರಣ ಕಾಲೇಜು ಮೈಕ್ರೋಸ್ಕೋಪಿಗೂ ಕಾಣುತ್ತದೆ. ಉಳ್ಳಾಗಡ್ಡಿ ತುಟ್ಟಿಯಾಗಿರುವ ದಿನಗಳಲ್ಲಿ ಬೆಳ್ಳುಳ್ಳಿ ಎಸಳು ಇಟ್ಟರೂ ನಡೆಯುತ್ತದೆ. ಅದಕ್ಕೂ 16.

ಗಡ್ಡಿ ಆರಿಸುವುದು, ನೀರಿಗಿಡುವುದು

ಹೊಲದಿಂದ ಆಗಷ್ಟೇ ಕಿತ್ತು ತಂದ ಹಸಿ ಗಡ್ಡಿ ಬೇಡ. ಕಿತ್ತ ಮೇಲೆ ಉಳ್ಳಾಗಡ್ಡಿ ಕೆಲವು ವಾರ ನಿದ್ದೆಯಲ್ಲಿರುತ್ತದೆ, ಬೇರು ಬಿಡಲು ಸತಾಯಿಸುತ್ತದೆ. ಚೆನ್ನಾಗಿ ಒಣಗಿದ, ಗಟ್ಟಿ ಇರುವ, ಸಾಧಾರಣ ಗಾತ್ರದ ಗಡ್ಡಿ ತಗೊಳ್ಳಿ. ಬೇರಿನ ಕಡೆ ಹೆಬ್ಬೆರಳಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಒಳಗೆ ಕೊಳೆತಿದೆ ಅಂತ ಅರ್ಥ. ನಾಲ್ಕೈದು ಗಡ್ಡಿ ಒಟ್ಟಿಗೆ ಇಡಿ, ಏಕೆಂದರೆ ಒಂದೇ ಚೀಲದಿಂದ ತೆಗೆದವುಗಳಲ್ಲೂ ಕೆಲವು ಬೇರು ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ.

ಕೆಳಗಿನ ಒಣ ಬೇರುಗಳನ್ನು ಬ್ಲೇಡಿನಿಂದ ಹೆರೆದು ತೆಗೆಯಿರಿ. ಹೆರೆಯುವಾಗ ಬುಡದ ಬಿಲ್ಲೆಯಂಥ ಭಾಗಕ್ಕೆ ಗಾಯ ಆಗಬಾರದು, ಹೊಸ ಬೇರು ಬರುವುದು ಅಲ್ಲಿಂದಲೇ. ಚಹಾ ಲೋಟಕ್ಕೆ ನೀರು ತುಂಬಿ, ಗಡ್ಡಿಯ ಬದಿಗೆ ಮೂರು ಕಸಬರಿಗೆ ಕಡ್ಡಿ ಚುಚ್ಚಿ, ಲೋಟದ ಬಾಯಿ ಮೇಲೆ ಕೂರಿಸಿ. ಬುಡ ಮಾತ್ರ ನೀರಿಗೆ ತಾಗಬೇಕು. ಅರ್ಧ ಗಡ್ಡಿ ಮುಳುಗಿದರೆ ಎರಡೇ ದಿನದಲ್ಲಿ ವಾಸನೆ ಶುರುವಾಗುತ್ತದೆ, ಮನೆಯಲ್ಲಿ ಅವ್ವನ ಕೈಯಲ್ಲಿ ಬೈಸಿಕೊಳ್ಳುವುದೂ ಶುರುವಾಗುತ್ತದೆ.

ನೀರಿನ ವಿಷಯ ಸಣ್ಣದಲ್ಲ. ನಳದ ನೀರಾದರೆ ಒಂದು ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಕ್ಲೋರಿನ್ ವಾಸನೆ ಹೋದ ಮೇಲೆ ಬಳಸಿ. ಸವಳು ಬೋರ್ ನೀರು ಬೇಡ, ಉಪ್ಪು ಜಾಸ್ತಿ ಆದರೆ ಬೇರು ಮೊಟಕಾಗುತ್ತದೆ, ವಿಭಜನೆಯೂ ಕಮ್ಮಿಯಾಗುತ್ತದೆ. ದಿನಾ ನೀರು ಬದಲಿಸಿ. 20ರಿಂದ 25 ಡಿಗ್ರಿ ಇದಕ್ಕೆ ಹಿತ. ಧಾರವಾಡದ ಮಳೆಗಾಲ ಅಂದರೆ ಹೇಳಿ ಮಾಡಿಸಿದ ಹವೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಗದಗಿನಲ್ಲೋ ಹಾವೇರಿಯಲ್ಲೋ ಮಾಡುವುದಿದ್ದರೆ ಲೋಟವನ್ನು ಕುಡಿಯುವ ನೀರಿನ ಹರವಿ ಪಕ್ಕ ನೆರಳಿನಲ್ಲಿಡಿ, ದಿನಕ್ಕೆರಡು ಸಲ ನೀರು ಬದಲಿಸಿ.

ಮೂರರಿಂದ ಐದು ದಿನದಲ್ಲಿ ಬಿಳಿ ಬೇರು ಎರಡು, ಮೂರು ಸೆಂಟಿಮೀಟರ್ ಬಂದಿರುತ್ತದೆ. ಅಷ್ಟು ಸಾಕು. ಇನ್ನೂ ಉದ್ದ ಬರಲಿ ಅಂತ ವಾರಗಟ್ಟಲೆ ಕಾಯಬೇಡಿ, ಚುರುಕಾಗಿ ಬೆಳೆಯುತ್ತಿರುವ ಎಳೆ ಬೇರಿನಲ್ಲೇ ವಿಭಜನೆ ಜಾಸ್ತಿ.

ಕತ್ತರಿಸುವುದು, ಫಿಕ್ಸ್ ಮಾಡುವುದು

ನಮ್ಮ ಲ್ಯಾಬ್‌ಗಳಲ್ಲಿ ಬೆಳಿಗ್ಗೆ 8ರಿಂದ 10ರ ಒಳಗೆ ಬೇರು ಕತ್ತರಿಸುವ ರೂಢಿ ಇದೆ. ಪ್ರಾಕ್ಟಿಕಲ್ ಇರುವುದು ಮಧ್ಯಾಹ್ನವೇ ಆದರೂ ಬೆಳಿಗ್ಗೆಯೇ ಕತ್ತರಿಸಿ ಫಿಕ್ಸ್ ಮಾಡಿಟ್ಟುಬಿಡಿ. ತುದಿಯಿಂದ ಒಂದು ಸೆಂಟಿಮೀಟರ್ ಸಾಕು.

ಫಿಕ್ಸ್ ಮಾಡುವುದು ಅಂದರೆ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಒಮ್ಮೆಲೆ ಕೊಂದು ಹಿಡಿದಿಡುವುದು. ಅದಕ್ಕೆ ಒಂದು ಪಾಲು ಗ್ಲೇಷಿಯಲ್ ಅಸಿಟಿಕ್ ಆಮ್ಲ, ಮೂರು ಪಾಲು ಎಥನಾಲ್ ಬೆರೆಸಬೇಕು. ಬೇಕಾದಾಗ ಬೇಕಾದಷ್ಟೇ ಬೆರೆಸಿ. ನಿನ್ನೆ ಮೊನ್ನೆ ಬೆರೆಸಿಟ್ಟ ಬಾಟಲಿಯಲ್ಲಿ ಆಮ್ಲ, ಆಲ್ಕೋಹಾಲ್ ತಮ್ಮತಮ್ಮಲ್ಲೇ ಕೂಡಿ ಎಸ್ಟರ್ ಆಗುತ್ತಾ ಹೋಗುತ್ತವೆ, ಫಿಕ್ಸ್ ಮಾಡುವ ಶಕ್ತಿ ಕುಗ್ಗುತ್ತದೆ. ಮನೆಯ ವಿನೆಗರ್ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗಲ್ಲ. ಅದರಲ್ಲಿ ಅಸಿಟಿಕ್ ಆಮ್ಲ ಇರುವುದು ನೂರಕ್ಕೆ ನಾಲ್ಕೈದು ಪಾಲು, ಉಳಿದದ್ದು ಬಹುತೇಕ ನೀರು.

ಈ ದ್ರಾವಣದಲ್ಲಿ ಬೇರುಗಳನ್ನು 24 ಗಂಟೆ ಬಿಡಿ. ಆಮೇಲೆ 70 ಶೇಕಡಾ ಆಲ್ಕೋಹಾಲಿಗೆ ಹಾಕಿ ಮುಚ್ಚಳ ಬಿಗಿಮಾಡಿ ಫ್ರಿಜ್‌ನಲ್ಲಿಟ್ಟರೆ ಕೆಲವು ವಾರ ಕೆಡುವುದಿಲ್ಲ. ಅಂದರೆ ಇವತ್ತು ಕತ್ತರಿಸಿದ್ದನ್ನು ಪರೀಕ್ಷೆ ಹೊತ್ತಿಗೂ ಬಳಸಬಹುದು. ಗ್ಲೇಷಿಯಲ್ ಅಸಿಟಿಕ್ ಆಮ್ಲ ಚರ್ಮ ಸುಡುತ್ತದೆ, ಅದರ ಹಬೆ ಮೂಗಿಗೆ ಹೊಡೆಯುತ್ತದೆ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಹತ್ತಿರ ಸ್ಪಿರಿಟ್ ಲ್ಯಾಂಪ್ ಉರಿಯುತ್ತಿದ್ದರೆ ಆಲ್ಕೋಹಾಲ್ ಬಾಟಲಿಯನ್ನು ಆ ಟೇಬಲ್ ಮೇಲೆ ಇಡಲೇಬೇಡಿ. ಇದೆಲ್ಲ ಕಾಲೇಜು ಲ್ಯಾಬ್‌ನಲ್ಲಿ, ಮೇಷ್ಟ್ರು ಎದುರಿಗಿದ್ದಾಗ ಮಾಡುವ ಕೆಲಸ. ಮನೆಯಲ್ಲಿ ಗಡ್ಡಿಯನ್ನು ನೀರಿಗಿಡುವವರೆಗೆ ಮಾತ್ರ.

ಆಮ್ಲ, ಬಣ್ಣ, ಒತ್ತು

ಸ್ಲೈಡ್ ಚೆನ್ನಾಗಿ ಬರುವುದೂ ಹಾಳಾಗುವುದೂ ಇಲ್ಲೇ. ಅವಸರ ಬೇಡ.

ಮೊದಲು ಬೇರನ್ನು ನೀರಿನಲ್ಲಿ ತೊಳೆದು, 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ 60 ಡಿಗ್ರಿಯಲ್ಲಿ ಐದರಿಂದ ಹತ್ತು ನಿಮಿಷ ಇಡಬೇಕು. ವಾಟರ್ ಬಾತ್ ಇಲ್ಲದಿದ್ದರೆ ಬೀಕರಿನಲ್ಲಿ ಬಿಸಿನೀರು ಹಾಕಿ, ಥರ್ಮಾಮೀಟರ್ ನೋಡುತ್ತಾ, ಅದರೊಳಗೆ ಟೆಸ್ಟ್ ಟ್ಯೂಬ್ ನಿಲ್ಲಿಸಿದರೂ ಆಯಿತು. ಆಮ್ಲ ತಯಾರಿಸುವುದಿದ್ದರೆ ಮೊದಲು ನೀರು ತಗೊಂಡು ಅದಕ್ಕೆ ಸುಮಾರು 8.3 ಮಿಲಿ ಗಾಢ ಆಮ್ಲವನ್ನು ನಿಧಾನಕ್ಕೆ ಸೇರಿಸಿ, ಆಮೇಲೆ ನೀರಿನಿಂದಲೇ ಒಟ್ಟು 100 ಮಿಲಿ ಮಾಡಿ. ಆಮ್ಲಕ್ಕೆ ನೀರು ಸುರಿದರೆ ಸಿಡಿಯುತ್ತದೆ.

ಈ ಆಮ್ಲ ಯಾಕೆ? ಸಸ್ಯದ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಆಮ್ಲ ಅದನ್ನು ಕರಗಿಸುತ್ತದೆ, ಒತ್ತಿದಾಗ ಕೋಶಗಳು ಬಿಡಿಬಿಡಿಯಾಗಿ ಹರಡುತ್ತವೆ. ಕಮ್ಮಿ ಆದರೆ ಎಷ್ಟು ಒತ್ತಿದರೂ ಮುದ್ದೆ ಮುದ್ದೆ. ಜಾಸ್ತಿ ಆದರೆ ಬೇರು ಫೋರ್ಸೆಪ್ಸ್‌ನಲ್ಲಿ ಹಿಡಿಯಲೂ ಬಾರದಷ್ಟು ಮೆತ್ತಗಾಗುತ್ತದೆ, ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಸೂಜಿ ತಾಗಿಸಿದರೆ ಬಾಗಬೇಕು, ಕಲಸಿಹೋಗಬಾರದು. ಅದೇ ಹದ.

ಆಮ್ಲ ತೊಳೆದು ಬೇರನ್ನು ಸ್ಲೈಡ್ ಮೇಲಿಡಿ. ತೀರಾ ತುದಿಯಲ್ಲಿ ಒಂದೆರಡು ಮಿಲಿಮೀಟರ್ ಭಾಗ ಉಳಿದದ್ದಕ್ಕಿಂತ ಮಬ್ಬಾಗಿ, ಹಾಲಿನ ಬಣ್ಣದಲ್ಲಿ ಕಾಣುತ್ತದೆ. ನಮಗೆ ಬೇಕಾದ್ದು ಅಷ್ಟೇ. ತುದಿಗೆ ಬೇರಿನ ಟೋಪಿ ಇದೆ, ಅದರ ಹಿಂದೆಯೇ ವಿಭಜನೆ ನಡೆಯುವ ಜಾಗ. ಅಲ್ಲಿಗೆ ಕತ್ತರಿಸಿ ಉಳಿದದ್ದನ್ನು ಎಸೆದುಬಿಡಿ. ‘ಸ್ವಲ್ಪ ಜಾಸ್ತಿ ಇರಲಿ’ ಅನ್ನುವ ಬುದ್ಧಿ ಇಲ್ಲಿ ಕೆಲಸಕ್ಕೆ ಬರಲ್ಲ. ಜಾಸ್ತಿ ಇಟ್ಟಷ್ಟೂ ವಿಭಜನೆ ನಿಲ್ಲಿಸಿದ ಕೋಶಗಳೇ ತುಂಬಿಕೊಂಡು ಬೇಕಾದವು ಅಡಗಿಹೋಗುತ್ತವೆ.

ಅದರ ಮೇಲೆ ಎರಡು ಹನಿ ಅಸಿಟೋಕಾರ್ಮೈನ್ ಹಾಕಿ. 45 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಕಾರ್ಮೈನ್ ಕುದಿಸಿ ಸೋಸಿದ ಕೆಂಪು ಬಣ್ಣ ಇದು. ಪಾಪಾಸುಕಳ್ಳಿ ಮೇಲೆ ಬದುಕುವ ಪುಟ್ಟ ಹುಳದಿಂದ ಕಾರ್ಮೈನ್ ತೆಗೆಯುತ್ತಾರೆ. ಕಬ್ಬಿಣದ ಸೂಜಿಯಿಂದ ಬೇರನ್ನು ಬಣ್ಣದಲ್ಲೇ ಸ್ವಲ್ಪ ಕುಟ್ಟಿದರೆ ಬಣ್ಣ ಗಾಢವಾಗುತ್ತದೆ, ಕಬ್ಬಿಣ ಆ ಬಣ್ಣ ಕಚ್ಚಿಕೊಳ್ಳಲು ನೆರವಾಗುತ್ತದೆ. ಸ್ಲೈಡನ್ನು ಸ್ಪಿರಿಟ್ ಲ್ಯಾಂಪ್ ಉರಿಯ ಮೇಲಿಂದ ಎರಡು ಮೂರು ಸಲ ಆಡಿಸಿ. ಕೈ ಹಿಂಭಾಗಕ್ಕೆ ತಾಗಿಸಿದರೆ ಬೆಚ್ಚಗಿರಬೇಕು, ಕುದಿಯಲೇಬಾರದು. ಐದರಿಂದ ಹತ್ತು ನಿಮಿಷ ಬಿಡಿ, ಒಣಗುತ್ತಿದ್ದರೆ ಇನ್ನೊಂದು ಹನಿ.

ಈಗ ಕವರ್‌ಸ್ಲಿಪ್. ಒಂದು ಅಂಚು ತಾಗಿಸಿ ನಿಧಾನಕ್ಕೆ ಮಲಗಿಸಿ, ಗಾಳಿ ಗುಳ್ಳೆ ಸಿಕ್ಕಿಕೊಳ್ಳಬಾರದು. ಪೆನ್ಸಿಲಿನ ರಬ್ಬರ್ ತುದಿಯಿಂದ ಮೇಲಿಂದ ಮೆಲ್ಲಗೆ ತಟ್ಟಿ, ಬೇರು ಮೋಡದಂತೆ ತೆಳುವಾಗಿ ಹರಡುವುದು ಬರಿಗಣ್ಣಿಗೇ ಕಾಣುತ್ತದೆ. ಆಮೇಲೆ ಬ್ಲಾಟಿಂಗ್ ಪೇಪರ್ ಮಡಚಿ ಮೇಲಿಟ್ಟು, ಹೆಬ್ಬೆರಳಿಂದ ನೇರ ಕೆಳಕ್ಕೆ ಒತ್ತಿ. ಪಕ್ಕಕ್ಕೆ ಜಾರಿಸಬೇಡಿ. ಜಾರಿತು ಅಂದರೆ ಕೋಶಗಳು ಸುತ್ತಿಕೊಂಡು ಕಡ್ಡಿಯಾಗುತ್ತವೆ, ಕ್ರೋಮೋಸೋಮ್ ಹರಿದುಹೋಗುತ್ತವೆ. ಕವರ್‌ಸ್ಲಿಪ್ ಒಡೆದರೆ ಬೇಜಾರು ಬೇಡ, ಇನ್ನೊಂದು ತುದಿ ತಗೊಂಡು ಮತ್ತೆ ಮಾಡಿ.

ಈ ಒತ್ತುವ ಕೆಲಸವನ್ನು ಹಗುರಾಗಿ ನೋಡಬೇಡಿ ಅನ್ನುವುದಕ್ಕೆ ಒಂದು ಹಳೆಯ ವಿಷಯ ಹೇಳುತ್ತೇನೆ. ಮನುಷ್ಯನ ಕೋಶದಲ್ಲಿ 48 ಕ್ರೋಮೋಸೋಮ್ ಅಂತಲೇ ಮೂವತ್ತು ವರ್ಷಕ್ಕೂ ಮಿಕ್ಕಿ ಜಗತ್ತು ನಂಬಿತ್ತು. ಎಲ್ಲ ಒತ್ತಿಕೊಂಡು ಕೂತಿದ್ದ ಸ್ಲೈಡ್‌ಗಳಲ್ಲಿ ಎಣಿಕೆ ತಪ್ಪಿತ್ತು. ಕೋಶಗಳನ್ನು ಉಬ್ಬಿಸಿ, ಚೆನ್ನಾಗಿ ಹರಡಿ, ಒತ್ತಿ ನೋಡಿದ ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ ಅದು 46 ಅಂತ 1956ರಲ್ಲಿ ಪ್ರಕಟಿಸಿದರು. ಇಬ್ಬರೂ ಗಿಡಗಳ ಕ್ರೋಮೋಸೋಮ್ ಮೇಲೆ ಕೆಲಸ ಮಾಡಿ ಪಳಗಿದವರು. ಲೆವಾನ್ ಅಂತೂ 1938ರಲ್ಲೇ ಉಳ್ಳಾಗಡ್ಡಿ ಬೇರಿನ ಮೇಲೆ ಪ್ರಯೋಗ ಮಾಡಿ ಬರೆದಿದ್ದರು.

ಮೈಕ್ರೋಸ್ಕೋಪಿನಲ್ಲಿ ಮೊದಲು ಏನು ನೋಡಬೇಕು

ಕನ್ನಡಿ ಇರುವ ಹಳೆಯ ಮೈಕ್ರೋಸ್ಕೋಪಾದರೆ ಕಿಟಕಿಯ ಬೆಳಕಿಗೆ ತಿರುಗಿಸಿ, ನೇರ ಬಿಸಿಲಿಗಲ್ಲ, ಕಣ್ಣಿಗೆ ಅಪಾಯ. 10ರ ಲೆನ್ಸಿನಿಂದ ಶುರು ಮಾಡಿ. ಮೊದಲೇ 40ಕ್ಕೆ ಹೋಗುವವರು ಅರ್ಧ ಗಂಟೆ ಹುಡುಕಿ ಕೊನೆಗೆ ಧೂಳಿನ ಕಣ ಫೋಕಸ್ ಮಾಡಿ ಕೂತಿರುತ್ತಾರೆ.

10ರಲ್ಲಿ ಸರಿಯಾದ ಜಾಗ ಹುಡುಕಿ. ಚಿಕ್ಕ, ಚೌಕದಂಥ ಕೋಶಗಳು, ಒಂದೊಂದರ ಒಳಗೂ ಅರ್ಧ ಜಾಗ ತುಂಬುವಷ್ಟು ದೊಡ್ಡ ಕೆಂಪು ನ್ಯೂಕ್ಲಿಯಸ್ (ಕೋಶಕೇಂದ್ರ) ಇದ್ದರೆ ಅದೇ ಜಾಗ. ಉದ್ದುದ್ದ ಖಾಲಿ ಕೋಶಗಳು ಕಂಡರೆ ನೀವು ಮೇಲಿನ ಭಾಗದಲ್ಲಿದ್ದೀರಿ. ಸ್ಪ್ರಿಂಗ್‌ನಂತೆ ಸುರುಳಿ ಕಂಡರೆ ಅದು ನೀರು ಸಾಗಿಸುವ ನಾಳ, ಇನ್ನೂ ಮೇಲಿನದು. ಸ್ಲೈಡ್ ಸರಿಸಿ. ಕಪ್ಪು ದಪ್ಪ ಅಂಚಿನ, ಪೂರ್ತಿ ದುಂಡಗಿನ, ಒಳಗೆ ಏನೂ ಇಲ್ಲದ ವಸ್ತು ಗಾಳಿ ಗುಳ್ಳೆ. ಇದನ್ನು ನ್ಯೂಕ್ಲಿಯಸ್ ಅಂತ ರೆಕಾರ್ಡಿನಲ್ಲಿ ಚಂದಗೆ ಬಣ್ಣ ಹಚ್ಚಿ ಬರೆದವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಜಾಗ ಸಿಕ್ಕ ಮೇಲೆ 40ಕ್ಕೆ ಬದಲಿಸಿ, ಬೆಳಕು ಬರುವ ಕಿಂಡಿಯನ್ನು (ಡಯಾಫ್ರಮ್) ಸ್ವಲ್ಪ ಕಿರಿದು ಮಾಡಿ. ಸಣ್ಣ ಸ್ಕ್ರೂವನ್ನು ಹಿಂದೆ ಮುಂದೆ ತಿರುಗಿಸುತ್ತಲೇ ನೋಡಿ, ಕೋಶಕ್ಕೆ ಆಳ ಇದೆ, ಒಂದೇ ಫೋಕಸ್‌ನಲ್ಲಿ ಎಲ್ಲ ಕ್ರೋಮೋಸೋಮ್ ಕಾಣುವುದಿಲ್ಲ.

ಹಂತ ಗುರುತಿಸುವುದು

ಹೆಸರು ಮರೆತುಬಿಡಿ. ಪ್ರತಿ ಕೋಶಕ್ಕೂ ಪ್ರಶ್ನೆ ಕೇಳಿ. ನ್ಯೂಕ್ಲಿಯಸ್ಸಿಗೆ ಅಂಚು ಇದೆಯಾ? ಬಣ್ಣ ಹಿಡಿದದ್ದು ಒಂದೇ ಗುಂಪಾ, ಎರಡಾ? ಎರಡಾದರೆ ಕ್ರೋಮೋಸೋಮಿನ ಕಾಲುಗಳು ಇನ್ನೂ ಬಿಡಿಯಾಗಿ ಕಾಣುತ್ತಿವೆಯಾ? ನಡುವೆ ಗೋಡೆ ಬಂದಿದೆಯಾ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಹಂತ ತಾನಾಗೇ ಗೊತ್ತಾಗುತ್ತದೆ.

ಅಂಚು ಸ್ಪಷ್ಟ, ಒಳಗೆ ಬಣ್ಣ ಹೆಚ್ಚುಕಮ್ಮಿ ಒಂದೇ ಸಮ, ಒಂದೆರಡು ದುಂಡು ಜಾಗ ಮಾತ್ರ ಬೇರೆಯಾಗಿ ಕಾಣುತ್ತದೆ ಅಂದರೆ ಇಂಟರ್‌ಫೇಸ್. ಆ ದುಂಡು ಜಾಗವೇ ನ್ಯೂಕ್ಲಿಯೋಲಸ್. ಇಂಥ ಕೋಶಗಳೇ ಜಾಸ್ತಿ ಸಿಗುತ್ತವೆ. ಇದನ್ನು ವಿಶ್ರಾಂತಿ ಹಂತ ಅಂತ ಹಳೆಯ ನೋಟ್ಸ್‌ಗಳಲ್ಲಿ ಬರೆದಿರುವುದುಂಟು, ನನಗೆ ಆ ಮಾತು ಸರಿ ಕಾಣುವುದಿಲ್ಲ. ಕೋಶ ಬೆಳೆಯುವುದು, ಡಿಎನ್ಎ ಇಮ್ಮಡಿಯಾಗುವುದು, ವಿಭಜನೆಗೆ ಬೇಕಾದ ಪ್ರೋಟೀನ್ ತಯಾರಾಗುವುದು ಎಲ್ಲ ಈ ಹೊತ್ತಿನಲ್ಲೇ. ಜಿ1, ಎಸ್, ಜಿ2 ಅಂತ ಮೂರು ಭಾಗ ಮಾಡುತ್ತಾರೆ, ಆದರೆ ಅಸಿಟೋಕಾರ್ಮೈನ್ ಸ್ಲೈಡ್‌ನಲ್ಲಿ ಅವನ್ನು ಬೇರೆ ಬೇರೆ ಮಾಡಿ ತೋರಿಸಲು ಆಗಲ್ಲ. ಯಾರಾದರೂ ತೋರಿಸು ಅಂದರೆ ಆಗಲ್ಲ ಅಂತಲೇ ಹೇಳಿ. ಎಸ್ ಭಾಗದಲ್ಲಿ ಡಿಎನ್ಎ ಇಮ್ಮಡಿಯಾದರೂ ಕ್ರೋಮೋಸೋಮ್ ಸಂಖ್ಯೆ 16ರಲ್ಲೇ ಇರುತ್ತದೆ. ಒಂದೊಂದರಲ್ಲೂ ಈಗ ಎರಡು ಪ್ರತಿ, ಅಂದರೆ ಎರಡು ಕ್ರೊಮ್ಯಾಟಿಡ್, ಜೊತೆಯಾಗಿ ಇರುತ್ತವೆ, ಅಷ್ಟೇ.

ನ್ಯೂಕ್ಲಿಯಸ್ ದೊಡ್ಡದಾಗಿದೆ, ಒಳಗಿನ ಬಣ್ಣ ನಯವಾಗಿಲ್ಲ, ಸಿಕ್ಕುಸಿಕ್ಕಾದ ಎಳೆಗಳು ಕಾಣುತ್ತವೆ ಅಂದರೆ ಪ್ರೋಫೇಸ್. ಜಾಸ್ತಿ ಜನ ಎಡವುವುದು ಇಲ್ಲೇ, ಏಕೆಂದರೆ ಇಂಟರ್‌ಫೇಸ್ ಎಲ್ಲಿ ಮುಗಿದು ಪ್ರೋಫೇಸ್ ಎಲ್ಲಿ ಶುರುವಾಯಿತು ಅನ್ನುವುದಕ್ಕೆ ಗೆರೆ ಇಲ್ಲ. ಒಂದು ನಿಯಮ ಇಟ್ಟುಕೊಳ್ಳಿ. ಒಂದೇ ಒಂದು ಎಳೆಯನ್ನಾದರೂ ಸ್ವಲ್ಪ ದೂರ ಕಣ್ಣಿನಿಂದ ಹಿಂಬಾಲಿಸಲು ಆದರೆ ಪ್ರೋಫೇಸ್, ಆಗದಿದ್ದರೆ ಇಂಟರ್‌ಫೇಸ್ ಅಂತ ಬರೆಯಿರಿ. ಇಡೀ ಸ್ಲೈಡಿಗೆ ಇದೇ ನಿಯಮ ಇರಲಿ, ನಡುವೆ ಬದಲಿಸಬೇಡಿ. ಹಂತದ ಕೊನೆಗೆ ನ್ಯೂಕ್ಲಿಯೋಲಸ್ ಮಾಯವಾಗಿ, ನ್ಯೂಕ್ಲಿಯಸ್ಸಿನ ಪೊರೆಯೂ ಒಡೆದು, ದಪ್ಪನೆಯ ಎಳೆಗಳು ಬಿಡಿಯಾಗುತ್ತವೆ.

ಅಂಚು ಇಲ್ಲ, ಕ್ರೋಮೋಸೋಮ್‌ಗಳೆಲ್ಲ ಕೋಶದ ನಡುವೆ ಒಂದೇ ಗುಂಪಾಗಿ ಅಡ್ಡಪಟ್ಟಿಯಂತೆ ನಿಂತಿವೆ ಅಂದರೆ ಮೆಟಾಫೇಸ್. ಪುಸ್ತಕದಲ್ಲಿ ಬದಿಯಿಂದ ನೋಡಿದ ಚಿತ್ರ ಮಾತ್ರ ಇರುತ್ತದೆ. ಸ್ಲೈಡ್‌ನಲ್ಲಿ ಕೋಶ ಹೇಗೆ ಬೇಕಾದರೂ ಬಿದ್ದಿರಬಹುದು. ಮೇಲಿಂದ ಕಂಡರೆ ಪಟ್ಟಿಯ ಬದಲು ಕ್ರೋಮೋಸೋಮ್‌ಗಳು ವೃತ್ತವಾಗಿ ಹರಡಿಕೊಂಡಿರುತ್ತವೆ. ಅದೂ ಮೆಟಾಫೇಸೇ. ಎಣಿಸಬೇಕು ಅಂದರೆ ಅಂಥದ್ದೇ ಬೇಕು. ಕ್ರೋಮೋಸೋಮ್ ಅತಿ ಗಿಡ್ಡ, ಅತಿ ದಪ್ಪ ಇರುವುದು ಈಗಲೇ.

ಈ ಹಂತದಲ್ಲಿ ಒಂದು ಕಾವಲು ವ್ಯವಸ್ಥೆ ಇದೆ. ಕೋಶದ ಎರಡೂ ತುದಿಯಿಂದ, ಅಂದರೆ ಧ್ರುವದಿಂದ, ಬಂದು ಕ್ರೋಮೋಸೋಮ್‌ಗಳನ್ನು ಎಳೆಯುವ ಸ್ಪಿಂಡಲ್ ನಾರುಗಳು ಪ್ರತಿಯೊಂದು ಕ್ರೋಮೋಸೋಮನ್ನೂ ಹಿಡಿದುಕೊಳ್ಳುವ ತನಕ ಕೋಶ ಮುಂದೆ ಹೋಗುವುದಿಲ್ಲ. ಒಂದೇ ಒಂದು ಬಾಕಿ ಉಳಿದರೂ ಎಲ್ಲವೂ ಕಾಯುತ್ತವೆ. ಎಲ್ಲ ಸರಿ ಆಯಿತು ಅನ್ನುವಾಗ ಜೋಡಿ ಕ್ರೊಮ್ಯಾಟಿಡ್‌ಗಳನ್ನು ಹಿಡಿದಿದ್ದ ಕೊಹೆಸಿನ್ ಅನ್ನುವ ಪ್ರೋಟೀನ್ ಕತ್ತರಿಸಿಹೋಗುತ್ತದೆ, ಎರಡೂ ಬೇರೆಯಾಗುತ್ತವೆ. ಕೋಶಚಕ್ರವನ್ನು ಮುಂದಕ್ಕೆ ತಳ್ಳುವ, ತಡೆಯುವ ಇಂಥ ನಿಯಂತ್ರಣಗಳನ್ನು ಕಂಡುಹಿಡಿದದ್ದಕ್ಕೆ ಲೆಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್, ಪಾಲ್ ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಬಂತು. ನಮ್ಮ ಅಂಗಳದ ನಿತ್ಯಪುಷ್ಪ ಗಿಡದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಅನ್ನುವ ಕ್ಯಾನ್ಸರ್ ಔಷಧಿ ಈ ಸ್ಪಿಂಡಲ್ ಕಟ್ಟುವುದನ್ನೇ ತಡೆಯುತ್ತದೆ. ಕೋಶ ಮೆಟಾಫೇಸ್‌ನಲ್ಲೇ ಸಿಕ್ಕಿಬೀಳುತ್ತದೆ. ಹಾಗಂತ ಆ ಗಿಡವನ್ನು ಅರೆದು ಕುಡಿಯುವ ಸಾಹಸ ಬೇಡ, ವಿಷ.

ಇನ್ನೊಂದು ಮಾತು. ಅಸಿಟೋಕಾರ್ಮೈನ್ ಬಣ್ಣದಲ್ಲಿ ಸ್ಪಿಂಡಲ್ ನಾರು ಕಾಣುವುದೇ ಇಲ್ಲ ಅನ್ನಬಹುದು. ಆದರೂ ಎಲ್ಲರ ರೆಕಾರ್ಡಿನಲ್ಲಿ ಅಚ್ಚುಕಟ್ಟಾಗಿ ಗೆರೆ ಎಳೆದ ನಾರು ಇರುತ್ತವೆ. ಕಂಡದ್ದನ್ನು ಒಂದು ಕಡೆ, ಪಾಠದ ಚಿತ್ರವನ್ನು ಇನ್ನೊಂದು ಕಡೆ ಬಿಡಿಸಿ. ವೈವಾದಲ್ಲಿ ‘ನಾರು ನಿನಗೆ ಕಂಡಿತಾ?’ ಅಂತ ಕೇಳಿದರೆ ಧೈರ್ಯವಾಗಿ ಇಲ್ಲ ಅನ್ನಬಹುದು.

ಬಣ್ಣದ ಗುಂಪು ಎರಡಾಗಿದೆ, ಕ್ರೋಮೋಸೋಮ್‌ಗಳ ಕಾಲುಗಳು ಹಿಂದಕ್ಕೆ ಎಳೆದಂತೆ ನಡುಭಾಗದ ಕಡೆ ಚಾಚಿವೆ ಅಂದರೆ ಅನಾಫೇಸ್. ನಾರು ಹಿಡಿಯುವ ಜಾಗವಾದ ಸೆಂಟ್ರೋಮಿಯರ್ ಮುಂದೆ, ಕಾಲುಗಳು ಹಿಂದೆ. ಹಾಗಾಗಿ ವಿ ಅಥವಾ ಜೆ ಆಕಾರ. ಈ ಹಂತ ಬೇಗ ಮುಗಿಯುತ್ತದೆ, ಸ್ಲೈಡ್‌ನಲ್ಲಿ ಕಮ್ಮಿ ಸಿಗುತ್ತದೆ, ತಾಳ್ಮೆಯಿಂದ ಹುಡುಕಬೇಕು. ಪರೀಕ್ಷೆಯಲ್ಲಿ ತಲೆ ಕೆಡಿಸುವ ಲೆಕ್ಕವೂ ಇಲ್ಲಿಯದೇ. ಮೆಟಾಫೇಸ್‌ನಲ್ಲಿ 16 ಕ್ರೋಮೋಸೋಮ್, 32 ಕ್ರೊಮ್ಯಾಟಿಡ್. ಅನಾಫೇಸ್‌ನಲ್ಲಿ ಬೇರೆಯಾದ ಪ್ರತಿ ಕ್ರೊಮ್ಯಾಟಿಡನ್ನೂ ಕ್ರೋಮೋಸೋಮ್ ಅಂತಲೇ ಎಣಿಸುವುದರಿಂದ ಇಡೀ ಕೋಶದಲ್ಲಿ 32, ಒಂದೊಂದು ಧ್ರುವಕ್ಕೆ 16. ಸೆಂಟ್ರೋಮಿಯರ್ ಎಣಿಸಿ, ಲೆಕ್ಕ ಎಂದೂ ತಪ್ಪುವುದಿಲ್ಲ.

ಎರಡು ಗುಂಪು ಎರಡು ತುದಿ ಸೇರಿವೆ, ಕಾಲುಗಳು ಬಿಡಿಯಾಗಿ ಕಾಣುತ್ತಿಲ್ಲ, ನಡುವೆ ತೆಳ್ಳಗೆ ಗೆರೆ ಮೂಡುತ್ತಿದೆ. ಇದು ಟೀಲೋಫೇಸ್. ಆ ಗೆರೆ ಕೋಶತಟ್ಟೆ. ಗಾಲ್ಗಿ ಅನ್ನುವ ಕೋಶಭಾಗದಿಂದ ಬಂದ ಚೀಲಗಳು ನಡುವೆ ಕೂಡಿಕೊಂಡು ಹೊರಕ್ಕೆ ಬೆಳೆಯುತ್ತಾ ಗೋಡೆಯಾಗುತ್ತವೆ. ಪ್ರಾಣಿ ಕೋಶದಲ್ಲಿ ಇದು ತಿರುವುಮುರುವು, ಹೊರಗಿಂದ ಒಳಕ್ಕೆ ಚಿವುಟಿಕೊಂಡು ತುಂಡಾಗುತ್ತದೆ. ಮತ್ತೆ ಪ್ರಾಣಿ ಕೋಶದಲ್ಲಿ ಸ್ಪಿಂಡಲಿನ ತುದಿಗಳಲ್ಲಿರುವ ಸೆಂಟ್ರಿಯೋಲ್ ಉಳ್ಳಾಗಡ್ಡಿಯಲ್ಲಿ ಇಲ್ಲ, ಅದಿಲ್ಲದೆಯೇ ಸ್ಪಿಂಡಲ್ ಕಟ್ಟಿಕೊಳ್ಳುತ್ತದೆ. ಗೋಡೆ ಪೂರ್ತಿ ಆಗಿ ಪಕ್ಕಪಕ್ಕ ಎರಡು ಚಿಕ್ಕ ಕೋಶ, ಒಂದೊಂದರಲ್ಲೂ ಅಂಚಿರುವ ಚಿಕ್ಕ ನ್ಯೂಕ್ಲಿಯಸ್ ಇದ್ದರೆ ಅವು ಆಗಲೇ ಇಂಟರ್‌ಫೇಸ್‌ಗೆ ಹೋದವು. ಅವನ್ನು ಟೀಲೋಫೇಸ್‌ಗೆ ಸೇರಿಸಬೇಡಿ.

ಎಣಿಸುವುದು ಯಾಕೆ, ಹೇಗೆ

ಸ್ಲೈಡ್‌ನಲ್ಲಿ ಇರುವುದು ಸತ್ತ ಕೋಶಗಳು, ಯಾವುದೂ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವುದು ಕಾಣುವುದಿಲ್ಲ. ಹಾಗಿದ್ದರೆ ಯಾವ ಹಂತ ಉದ್ದ, ಯಾವುದು ಗಿಡ್ಡ ಅಂತ ಹೇಗೆ ಗೊತ್ತು? ಶಿವರಾತ್ರಿ ಹೊತ್ತಿನಲ್ಲಿ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಮೇಲಿಂದ ಒಂದೇ ಒಂದು ಫೋಟೋ ತೆಗೆದಿರಿ ಅಂದುಕೊಳ್ಳಿ. ಪಾಳಿಯಲ್ಲಿ ನಿಂತವರು ನೂರಾರು, ಗದ್ದುಗೆಯ ಮುಂದೆ ತಲೆಬಾಗಿದವರು ನಾಲ್ಕೇ ಜನ. ಫೋಟೋದಲ್ಲಿ ಯಾರೂ ಅಲುಗಾಡುವುದಿಲ್ಲ. ಆದರೂ ಪಾಳಿಗೆ ಬಹಳ ಹೊತ್ತು ಹಿಡಿಯುತ್ತದೆ, ದರ್ಶನ ಕ್ಷಣದಲ್ಲಿ ಮುಗಿಯುತ್ತದೆ ಅಂತ ಹೇಳಬಹುದಲ್ವಾ? ಇಂಟರ್‌ಫೇಸ್ ಕೋಶ ಜಾಸ್ತಿ, ಅನಾಫೇಸ್ ಕಮ್ಮಿ ಅನ್ನುವುದರ ಅರ್ಥವೂ ಅದೇ. ಮನುಷ್ಯನ ಕೋಶವನ್ನು ಲ್ಯಾಬ್‌ನಲ್ಲಿ ಬೆಳೆಸಿದರೆ ಒಂದು ಸುತ್ತಿಗೆ ಸುಮಾರು 24 ಗಂಟೆ ಬೇಕು, ಅದರಲ್ಲಿ ವಿಭಜನೆಯ ಪಾಲು ಒಂದು ಗಂಟೆಯಷ್ಟೇ.

ಬೇರೆ ಬೇರೆ ಜಾಗದಲ್ಲಿ ಒಟ್ಟು 500 ಕೋಶ ಎಣಿಸಿ ಹಂತದ ಪ್ರಕಾರ ಗೀಟು ಹಾಕುತ್ತಾ ಹೋಗಿ. ಚೆನ್ನಾಗಿ ಕಂಡ ಕೋಶ ಮಾತ್ರ ಆರಿಸಿದರೆ ಲೆಕ್ಕ ಸುಳ್ಳಾಗುತ್ತದೆ, ಒಂದು ನೋಟದಲ್ಲಿ ಕಾಣುವ ಎಲ್ಲವನ್ನೂ ಎಣಿಸಬೇಕು. ವಿಭಜನೆಯಲ್ಲಿರುವವು 50 ಅಂದುಕೊಳ್ಳಿ. ಅದನ್ನು 500ರಿಂದ ಭಾಗಿಸಿ 100ರಿಂದ ಗುಣಿಸಿದರೆ 10. ಇದೇ ಮೈಟೋಟಿಕ್ ಇಂಡೆಕ್ಸ್. ಮಾಡಲು ಪ್ರಾಜೆಕ್ಟ್ ಸಿಗುತ್ತಿಲ್ಲ ಅನ್ನುವವರು ಒಂದೇ ಚೀಲದ ಗಡ್ಡಿಗಳನ್ನು ನಿಮ್ಮೂರಿನ ಬೋರ್ ನೀರು, ಕೆರೆ ನೀರು, ಫಿಲ್ಟರ್ ನೀರಿನಲ್ಲಿ ಬೇರೆ ಬೇರೆ ಇಟ್ಟು ಈ ಸಂಖ್ಯೆ ಹೋಲಿಸಿ ನೋಡಿ. ನೀರಿನಲ್ಲಿ ವಿಷ ಇದೆಯಾ ಅಂತ ಪರೀಕ್ಷಿಸಲು ಉಳ್ಳಾಗಡ್ಡಿ ಬೇರನ್ನು ನಿಜವಾಗಿಯೂ ಬಳಸುತ್ತಾರೆ. ಇಂಡೆಕ್ಸ್ ಇಳಿಯುವುದಷ್ಟೇ ಅಲ್ಲ, ಅನಾಫೇಸ್‌ನಲ್ಲಿ ಎರಡು ಗುಂಪಿನ ನಡುವೆ ಸೇತುವೆಯಂತೆ ಎಳೆ ಉಳಿದುಬಿಡುವುದು, ಒಂದೆರಡು ಕ್ರೋಮೋಸೋಮ್ ಹಿಂದೆ ಬೀಳುವುದು ಇವನ್ನೂ ಬರೆದಿಡಿ.

ಕ್ರೋಮೋಸೋಮ್ ಎಣಿಸುವುದು ಪರೀಕ್ಷೆಗಷ್ಟೇ ಅಲ್ಲ. 1972ರಲ್ಲಿ ಧಾರವಾಡದಲ್ಲಿ ಎರಡು ಬೇರೆ ಬೇರೆ ಪ್ರಭೇದದ ಹತ್ತಿ ಕೂಡಿಸಿ ವರಲಕ್ಷ್ಮಿ ಹೈಬ್ರಿಡ್ ತೆಗೆದರಲ್ಲ, ಆ ಎರಡೂ ಪ್ರಭೇದಕ್ಕೆ 52 ಕ್ರೋಮೋಸೋಮ್ ಇವೆ. ನಮ್ಮ ಹಳೆಯ ಜಯಧರ ಹತ್ತಿಗೆ 26. 52ರದ್ದನ್ನು 26ರ ಜೊತೆ ಕೂಡಿಸಿದರೆ ಬರುವ ಗಿಡದಲ್ಲಿ ಕ್ರೋಮೋಸೋಮ್‌ಗಳಿಗೆ ಸರಿಯಾದ ಜೋಡಿ ಸಿಗುವುದಿಲ್ಲ, ಅದು ಸಾಧಾರಣವಾಗಿ ಬಂಜೆಯಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 24, ಜೋಳಕ್ಕೆ 20. ಇವುಗಳ ಬೇರಿನಲ್ಲೂ ಮಾಡಬಹುದು, ಆದರೆ ಕ್ರೋಮೋಸೋಮ್ ಬಹಳ ಚಿಕ್ಕವು. ಉಳ್ಳಾಗಡ್ಡಿಯಲ್ಲಿ ಕೈ ಪಳಗಿದ ಮೇಲೆ ಪ್ರಯತ್ನಿಸಿ.

ಸ್ಲೈಡ್ ಉಳಿಸಿಕೊಳ್ಳಲು

ಒಳ್ಳೆಯ ಮೆಟಾಫೇಸ್ ಸಿಕ್ಕ ತಕ್ಷಣ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕ್ಯಾಮೆರಾವನ್ನು ಐಪೀಸಿಗೆ ಅಂಟಿಸಬೇಡಿ, ಸ್ವಲ್ಪ ಮೇಲೆ ಹಿಡಿದು ಬೆಳಕಿನ ದುಂಡು ಪೂರ್ತಿ ಬಂದ ಮೇಲೆ ಒತ್ತಿ. ಆಮೇಲೆ ಕವರ್‌ಸ್ಲಿಪ್ಪಿನ ನಾಲ್ಕೂ ಅಂಚಿಗೆ ಉಗುರುಬಣ್ಣ ಹಚ್ಚಿ. ಬಣ್ಣ ಇಲ್ಲದ್ದು ಇದ್ದರೆ ಒಳ್ಳೆಯದು. ಕೆಲವು ದಿನ ಒಣಗದೆ ಉಳಿಯುತ್ತದೆ. ಸ್ಲೈಡಿನ ತುದಿಗೆ ಚೀಟಿ ಅಂಟಿಸಿ ಫಿಕ್ಸ್ ಮಾಡಿದ ತಾರೀಖು, ಆಮ್ಲದಲ್ಲಿಟ್ಟ ನಿಮಿಷ ಎರಡನ್ನೂ ಬರೆಯಿರಿ, ಮುಂದಿನ ಸಲ ಹದ ಸರಿಮಾಡಿಕೊಳ್ಳಲು ಆ ಎರಡೇ ಬೇಕಾಗುವುದು. ಉಳಿದ ಫಿಕ್ಸ್ ದ್ರಾವಣ, ಆಮ್ಲ ಇವನ್ನು ಸಿಂಕಿಗೆ ಸುರಿಯಬೇಡಿ, ಲ್ಯಾಬಿನ ವೇಸ್ಟ್ ಬಾಟಲಿಗಳಲ್ಲಿ ಬೇರೆ ಬೇರೆ ಹಾಕಿ. ಬೇರು ಕತ್ತರಿಸಿದ ಗಡ್ಡಿ ಬರೀ ನೀರಿನಲ್ಲಿದ್ದದ್ದಾದರೆ ಕುಂಡದಲ್ಲಿ ನೆಡಿ, ತಪ್ಪಲು ಬರುತ್ತದೆ. ಕೆಮಿಕಲ್ ತಾಗಿದ್ದರೆ ಮಾತ್ರ ಎಸೆಯಿರಿ.